ತೆರ್ಸಿಲ್ಲಾಳ ಕೊನೆಯ ಸ್ವರ

ಪಾರ್ಮಾ, 9 ನವೆಂಬರ್ 1952

ಶ್ರೀಮತಿ ದೆಲ್ಫೀನಾ ಗಂದೋಲ್ಫಿ ಅವರಿಗೆ,

ನಿಮ್ಮ ಕಂಠವನ್ನು ಕದ್ದು ಇನ್ನೊಬ್ಬಳ ಬಾಯಿಗೆ ಇಟ್ಟಿದ್ದಾರೆ. ಇದನ್ನು ಮೊದಲು ಹೇಳಿಬಿಡುತ್ತೇನೆ. ಕ್ಷೇಮಸಮಾಚಾರ ಆಮೇಲೆ.

ಗುರುವಾರ ಸಂಜೆ ರೇಡಿಯೋದಲ್ಲಿ ‘ತೆರ್ಸಿಲ್ಲಾ’ ಒಪೆರಾ ಸಿನಿಮಾ ಆಗುತ್ತಿರುವ ಸುದ್ದಿ ಹೇಳಿ, ಮೊದಲ ಅಂಕದ ಹಾಡನ್ನು ಎರಡು ನಿಮಿಷ ಕೇಳಿಸಿದರು. ಹಾಡಿದವಳು ನಟಿ ಲಿಯಾನಾ ಸೋರ್ವಿಯೇ ಎನ್ನುವ ಹಾಗೆ ಮಾತಾಡಿದರು. ಅಜ್ಜಿ ಇಸ್ತ್ರಿ ಮಾಡುತ್ತಿದ್ದಳು. ಪೆಟ್ಟಿಗೆಯನ್ನು ಬಟ್ಟೆಯ ಮೇಲಿಂದ ಎತ್ತಿ ಪಕ್ಕಕ್ಕಿಟ್ಟು, “ಇವಳು ದೆಲ್ಫೀನಾ” ಅಂದಳು. ಆರು ವರ್ಷದಿಂದ ಆ ಹೆಸರು ಅವಳ ಬಾಯಲ್ಲಿ ಬಂದಿರಲಿಲ್ಲ. ಐದು ನಿಮಿಷದಲ್ಲಿ ಗುಯೆರ್ರಿನೋ ಮಾವ ಮೆಟ್ಟಿಲು ಹತ್ತಿ ಬಂದ. ಕುದುರೆಮಾಂಸದ ಅಂಗಡಿಯನ್ನು ಹಾಗೇ ಬಿಟ್ಟು ಬಂದಿದ್ದ, ಏಪ್ರನ್ ಕೂಡ ಬಿಚ್ಚಿರಲಿಲ್ಲ. ನಿಮಗೆ ನೆನಪಿರಬಹುದು, ದೊಡ್ಡ ನಾಟಕಶಾಲೆಯ ಗ್ಯಾಲರಿಯಲ್ಲಿ ಮೂವತ್ತು ವರ್ಷದಿಂದ ಅದೇ ಕಂಬಕ್ಕೆ ಒರಗಿ ನಿಲ್ಲುವವನು. “ಮೂರು ಸ್ವರ ಸಾಕಾಯ್ತು ಕಣೇ ನಂಗೆ. ನಾಲ್ಕನೇದು ಸುಮ್ನೆ ಖುಷಿಗೆ ಕೇಳ್ದೆ” ಅಂದ.

ನಾನು ಈಗ ಟೊಮೆಟೊ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸುತ್ತೇನೆ. ನಿಮಗೆ ಗೊತ್ತಿರಲಿಕ್ಕಿಲ್ಲ. ಡಬ್ಬಿಯೊಳಗೆ ಏನಿದೆ, ತುಂಬಿದವರು ಯಾರು ಎಂದು ಬರೆಯದೆ ಒಂದು ಡಬ್ಬಿ ಮಾರಿದರೂ ಮಾಲೀಕನಿಗೆ ದಂಡ ಬೀಳುತ್ತದೆ. ಟೊಮೆಟೊಗೆ ಇರುವ ಕಾನೂನು ಹೆಂಗಸಿನ ಕಂಠಕ್ಕೆ ಯಾಕಿಲ್ಲ? ಈ ಪ್ರಶ್ನೆಯನ್ನು ಕಾರ್ಮಿಕ ಸಂಘದ ಕೋಣೆಯಲ್ಲಿ ಕೇಳಿದೆ. ಅಲ್ಲಿನ ಕರಪತ್ರಗಳನ್ನೆಲ್ಲ ಓದಿ ಮುಗಿಸಿದ್ದೇನೆ. ದುಡಿದವನ ಹೆಸರನ್ನು ಅಳಿಸುವುದೇ ಮೊದಲ ಕಳ್ಳತನ, ಮಿಕ್ಕದ್ದೆಲ್ಲ ಅದರ ಹಿಂದೆ ಬರುತ್ತದೆ ಎಂದು ಒಂದರಲ್ಲಿ ಬರೆದಿದ್ದಾರೆ.

ಸಿನಿಮಾದಲ್ಲಿ ನಿಮ್ಮ ಹೆಸರು ಇರುತ್ತದೆಯೋ ಇಲ್ಲವೋ, ಅಷ್ಟು ತಿಳಿಸಿ.

ಎಲ್ಲರೂ ಕ್ಷೇಮ.

ತೆರ್ಸಿಲ್ಲಾ ಮೊರೀನಿ


ರೋಮ್, 20 ನವೆಂಬರ್ 1952

ತೆರ್ಸಿಲ್ಲಾ,

ಯಾರೂ ಕದ್ದಿಲ್ಲ. ನಾನೇ ಸಹಿ ಹಾಕಿದ್ದೇನೆ. ಹೆಸರು ಇರುವುದಿಲ್ಲ.

ಈಗ ಇಂಥ ಸಿನಿಮಾಗಳೆಲ್ಲ ಹೀಗೇ ಆಗುವುದು. ಮೊದಲು ವಾದ್ಯದವರ ಜೊತೆ ನಾವು ಹಾಡಿ ಮುದ್ರಿಸುತ್ತೇವೆ. ಆಮೇಲೆ ಶೂಟಿಂಗ್‌ನಲ್ಲಿ ಅದನ್ನು ಜೋರಾಗಿ ಹಾಕುತ್ತಾರೆ, ನೋಡುವುದಕ್ಕೆ ಚೆನ್ನಾಗಿರುವವರು ಬಾಯಿ ಆಡಿಸುತ್ತಾರೆ. ನನಗೆ ನಲವತ್ತೇಳು ವರ್ಷ, ತೆರ್ಸಿಲ್ಲಾಳಿಗೆ ಹದಿನೆಂಟು. ಪರದೆಯ ಮೇಲೆ ನನ್ನ ಗಲ್ಲ ಆಳೆತ್ತರ ಕಾಣುವುದನ್ನು ನೋಡಲು ಯಾರು ಟಿಕೆಟ್ ತೆಗೆದುಕೊಳ್ಳುತ್ತಾರೆ?

ಲಿಯಾನಾ ಕೆಟ್ಟ ಹುಡುಗಿಯಲ್ಲ. ನನ್ನನ್ನು ಕಂಡರೆ ಎದ್ದು ನಿಲ್ಲುತ್ತಾಳೆ.

ಅತ್ತೆ ನನ್ನ ಹೆಸರು ಹೇಳಿದ್ದನ್ನು ಬರೆದೆಯಲ್ಲ, ಯಾವ ದನಿಯಲ್ಲಿ ಹೇಳಿದರು ಎಂದು ಬರೆಯಲಿಲ್ಲ.

ದೆಲ್ಫೀನಾ


ಪಾರ್ಮಾ, 7 ಡಿಸೆಂಬರ್ 1952

ಶ್ರೀಮತಿ ದೆಲ್ಫೀನಾ ಅವರಿಗೆ,

ಹವಾಮಾನ ಹೇಳುವ ದನಿಯಲ್ಲಿ.

ಅಪ್ಪ ನನಗೆ ಮೂರನೇ ಅಂಕದಲ್ಲಿ ಮುಳುಗಿ ಸಾಯುವವಳ ಹೆಸರಿಟ್ಟ. ನಮ್ಮ ಬೀದಿಯ ತುಂಬ ಹೀಗೆ ಒಪೆರಾದಲ್ಲಿ ಸತ್ತವರ ಹೆಸರೇ. ವಿಷ ಕುಡಿದವಳು ಹಾಲು ಮಾರುತ್ತಾಳೆ, ಎದೆಗೆ ಚಾಕು ಹಾಕಿಸಿಕೊಂಡವನು ಸೈಕಲ್ ರಿಪೇರಿ ಮಾಡುತ್ತಾನೆ. ಆದ್ದರಿಂದ ಈ ಕಥೆಯ ಬಗ್ಗೆ ಮಾತಾಡಲು ನನಗೆ ಯಾರ ಅಪ್ಪಣೆಯೂ ಬೇಕಿಲ್ಲ. ನಾನಾಗಿದ್ದರೆ ಈ ಸಿನಿಮಾ ಹೇಗೆ ಮಾಡುತ್ತಿದ್ದೆ ಎಂದು ಯೋಚಿಸಿದ್ದೇನೆ. ಚೀಟಿಗಳ ಹಿಂಬದಿಯಲ್ಲಿ ಒಂದೊಂದೇ ದೃಶ್ಯ ಬರೆದು ಇಟ್ಟಿದ್ದೇನೆ. ಇಲ್ಲಿಯವರೆಗೆ ಅರವತ್ತೆರಡು.

ಶುರುವಿನಲ್ಲಿ ಪೋ ನದಿಯ ಮಂಜು. ಹೊಗೆ ಬಿಟ್ಟು ಮಾಡಿದ್ದಲ್ಲ, ನಿಜವಾದ ಮಂಜು. ಅದು ಬೇಕೆಂದರೆ ಡಿಸೆಂಬರ್‌ನಲ್ಲಿ ಬರಬೇಕು, ಕಾಯಬೇಕು. ಕಂಪನಿಯವರು ಕಾಯುವುದಿಲ್ಲ. ಮಂಜಿನಲ್ಲಿ ಮೊದಲು ಕಾಣುವುದು ದಡದಿಂದ ದಡಕ್ಕೆ ಕಟ್ಟಿದ ದೋಣಿಹಗ್ಗ, ಅದನ್ನು ಹಿಡಿದೆಳೆಯುವ ಕೈಗಳು. ಅಂಬಿಗನ ಮಗಳಿಗೆ ರೇಷ್ಮೆ ಲಂಗ ಇರುವುದಿಲ್ಲ. ಮೇಳದಲ್ಲಿ ಹಾಡುವವರು ನಮ್ಮ ಚೀಟಿ ಕೋಣೆಯ ಹೆಂಗಸರು, ಒಬ್ಬೊಬ್ಬರ ಮುಖವನ್ನೂ ಪೂರ್ತಿ ತೋರಿಸುತ್ತೇನೆ. ಯಾರೂ ಇನ್ನೊಬ್ಬರ ಕಂಠಕ್ಕೆ ಬಾಯಿ ಆಡಿಸುವುದಿಲ್ಲ. ತೆರ್ಸಿಲ್ಲಾ ಪಾತ್ರಕ್ಕೆ ನೀವೇ. ನಲವತ್ತೇಳಾದರೆ ನಲವತ್ತೇಳು. ಆ ವಯಸ್ಸಿನಲ್ಲೂ ಹೆಂಗಸು ಆಚೆ ದಡದವನನ್ನು ಪ್ರೀತಿಸಬಹುದು.

ಒಪೆರಾದಲ್ಲಿ ಅವಳು ಆಚೆ ದಡಕ್ಕೆ ಹೋಗದಿರಲೆಂದು ಅವಳ ಅಪ್ಪನೇ ಹಗ್ಗ ಕಡಿಯುತ್ತಾನಲ್ಲ, ಅದನ್ನು ಬದಲಾಯಿಸಿದ್ದೇನೆ. ದೋಣಿಕಟ್ಟೆಯ ಒಡೆಯ ಕಡಿಯೆಂದು ಹೇಳುತ್ತಾನೆ, ಅಪ್ಪ ಕೂಲಿಯವನು, ಕಡಿಯುತ್ತಾನೆ. ಪ್ರವಾಹದಲ್ಲಿ ತೆರ್ಸಿಲ್ಲಾ ದೋಣಿ ಬಿಡುತ್ತಾಳೆ. ಅದೇ ಹೊತ್ತಿಗೆ ಅವಳ ಪ್ರಿಯಕರ ಆ ದಡದಿಂದ ಇವಳನ್ನು ಹುಡುಕಿಕೊಂಡು ಹೊರಡುತ್ತಾನೆ. ಎರಡು ದೋಣಿಗಳೂ ಮಂಜಿನಲ್ಲಿ ಒಂದನ್ನೊಂದು ದಾಟಿಹೋಗುತ್ತವೆ, ಹಾಡು ಕೇಳಿಸುತ್ತದೆ, ಮುಖ ಕಾಣುವುದಿಲ್ಲ. ಅಲ್ಲಿಯವರೆಗೆ ಒಪೆರಾದಲ್ಲಿ ಇರುವ ಹಾಗೆಯೇ. ಆಮೇಲೆ ಅವಳು “ಬಂದೆ” ಎಂದು ಆ ತಾರಸ್ವರ ಹಿಡಿದು ಮುಳುಗುವ ಬದಲು, ದಡದ ಹೆಂಗಸರು ಕಡಿದ ಹಗ್ಗದ ಎರಡು ತುದಿಗಳನ್ನೂ ಕಟ್ಟುತ್ತಾರೆ. ಅವಳು ಹಗ್ಗ ಹಿಡಿದು ದಡ ಸೇರುತ್ತಾಳೆ.

ನನ್ನ ಹೆಸರಿನವಳು ಪ್ರತಿಸಲ ಯಾಕೆ ಸಾಯಬೇಕು?

ತೆರ್ಸಿಲ್ಲಾ ಮೊರೀನಿ


ರೋಮ್, 28 ಡಿಸೆಂಬರ್ 1952

ತೆರ್ಸಿಲ್ಲಾ,

ನಿನ್ನ ಸಿನಿಮಾವನ್ನು ಎರಡು ಸಲ ಓದಿದೆ. ಹಗ್ಗ ಕಟ್ಟಿಬಿಟ್ಟರೆ ಮೂರನೇ ಅಂಕದಲ್ಲಿ ಉಳಿದ ಹನ್ನೊಂದು ನಿಮಿಷ ಏನು ಮಾಡುತ್ತೀಯ? ಜನ ಅಳಲೆಂದೇ ಬಂದಿರುತ್ತಾರೆ. ಗುಯೆರ್ರಿನೋನನ್ನು ಕೇಳಿ ನೋಡು, ನಿನ್ನನ್ನೇ ನದಿಗೆ ಹಾಕುತ್ತಾನೆ.

ಆದರೆ ಕೈಗಳ ವಿಷಯ ಚೆನ್ನಾಗಿದೆ. ನಮ್ಮ ನಿರ್ದೇಶಕರಿಗೆ ಕೈ ಹೊಳೆಯಲಿಲ್ಲ.

ಈ ತಿಂಗಳು ನನ್ನನ್ನು ಶೂಟಿಂಗ್‌ಗೆ ಕರೆಸಿಕೊಂಡಿದ್ದರು. ಲಿಯಾನಾ ಬಾಯಿಯನ್ನು ಸರಿಯಾಗಿಯೇ ಆಡಿಸುತ್ತಾಳೆ, ಆದರೆ ಉಸಿರು ತೆಗೆದುಕೊಳ್ಳುವುದಿಲ್ಲ. ಕಂಠ ಮುಗಿಲು ಮುಟ್ಟುತ್ತಿರುತ್ತದೆ, ಅವಳ ಕೊರಳೆಲುಬು ಕದಲುವುದಿಲ್ಲ. ಗೊಂಬೆ ಹಾಡಿದಂತೆ ಕಾಣುತ್ತದೆ. ಸುಳ್ಳು ಸಿಕ್ಕಿಬೀಳುವುದು ಬಾಯಲ್ಲಲ್ಲ, ಉಸಿರಲ್ಲಿ. ಅದಕ್ಕೆ ನನ್ನನ್ನು ಕ್ಯಾಮೆರಾದ ಪಕ್ಕ ಸ್ಟೂಲ್ ಹಾಕಿ ನಿಲ್ಲಿಸಿದರು. ನಾನು ದನಿ ತೆಗೆಯದೆ ಉಸಿರೆಳೆಯುತ್ತೇನೆ, ಅವಳು ನನ್ನನ್ನು ನೋಡುತ್ತ ಎಳೆಯುತ್ತಾಳೆ. ಪರದೆಯ ಮೇಲೆ ಅವಳು ಪ್ರಿಯಕರನನ್ನು ನೋಡುತ್ತಿದ್ದಾಳೆ ಎಂದು ಜನ ತಿಳಿಯುತ್ತಾರೆ. ಅವಳು ನೋಡುತ್ತಿರುವುದು ನನ್ನನ್ನು. ಪ್ರತಿಯೊಂದು ಹತ್ತಿರದ ದೃಶ್ಯದಲ್ಲೂ.

“ನೀವು ಉಸಿರು ಬಿಡೋದನ್ನ ನೋಡ್ತಾ ಇದ್ರೆ ನಂಗೇ ಅಳು ಬರುತ್ತೆ, ಅಮ್ಮಾ” ಅಂದಳು ಒಂದು ದಿನ. ಅವಳು ನನ್ನನ್ನು ಹಾಗೆ ಕರೆಯುತ್ತಾಳೆ. ಬೇಡ ಎಂದು ನಾನು ಹೇಳಿಲ್ಲ.

ಹಬ್ಬಕ್ಕೆ ಅತ್ತೆ ಸಾರಿಗೆ ಹಾಕುವ ಪುಟ್ಟ ಕಡುಬು, ಅನೋಲೀನಿ, ಮಾಡಿದರೇ? ಇಲ್ಲಿಯವರ ಸಾರು ಪಾತ್ರೆ ತೊಳೆದ ನೀರು.

ದೆಲ್ಫೀನಾ


ಪಾರ್ಮಾ, 18 ಜನವರಿ 1953

ಶ್ರೀಮತಿ ದೆಲ್ಫೀನಾ ಅವರಿಗೆ,

ಅನೋಲೀನಿ ಮಾಡಿದಳು. ಒಬ್ಬೊಬ್ಬರಿಗೆ ಮೂವತ್ತರಂತೆ ಎಣಿಸಿ ಮಡಿಸಿದಳು. ಮೂರು ಜನರಿಗಾಗುವಷ್ಟು ಇತ್ತು. ನಾವು ಇಬ್ಬರೇ ಇದ್ದೆವು.

ಸುದ್ದಿ ಏನೆಂದರೆ, ನಿಮ್ಮ ಸಿನಿಮಾ ಇಲ್ಲಿ ಮಾರ್ಚ್ 14, ಶನಿವಾರ ಸಂಜೆ ಆರಕ್ಕೆ ಬರುತ್ತದೆ. ಪೋಸ್ಟರ್ ಅಂಟಿಸಿದ್ದಾರೆ. ಹನ್ನೆರಡು ಹೆಸರುಗಳಿವೆ, ಕೇಶಾಲಂಕಾರ ಮಾಡಿದವನದೂ ಇದೆ.

ಗುಯೆರ್ರಿನೋ ಮಾವನ ಜೊತೆ ಕೂತು ಒಂದು ತೀರ್ಮಾನ ಮಾಡಿದ್ದೇವೆ. ಗ್ಯಾಲರಿಯವರು ನಲವತ್ತು ಜನ, ಟಾಕೀಸಿನ ಬಾಲ್ಕನಿ ಪೂರ್ತಿ ನಮ್ಮದು. ಮೊದಲ ಹಾಡು ಮುಗಿದ ಕೂಡಲೇ ಎಲ್ಲರೂ ಎದ್ದು ನಿಮ್ಮ ಹೆಸರು ಕೂಗುತ್ತಾರೆ. ಎರಡನೇ ಅಂಕದಲ್ಲಿ ಮತ್ತೆ. ಕೊನೆಯ “ಬಂದೆ” ಮುಗಿದ ಮೇಲೆ ನಲವತ್ತು ಕೈಗಳಲ್ಲಿ ನಲವತ್ತು ಕಾರ್ಡುಗಳು ಮೇಲೇಳುತ್ತವೆ, ಒಂದೊಂದರ ಮೇಲೂ ‘ದೆಲ್ಫೀನಾ ಗಂದೋಲ್ಫಿ’. ಕಾರ್ಡುಗಳನ್ನು ಚೀಟಿ ಕೋಣೆಯಲ್ಲಿ ನಾನೇ ಬರೆದು ಮುಗಿಸಿದ್ದೇನೆ. ಪತ್ರಿಕೆಯ ಒಬ್ಬನಿಗೂ ಹೇಳಿದ್ದೇನೆ.

ನಮ್ಮ ಗ್ಯಾಲರಿ ಹೇಗೆಂದು ನಿಮಗೆ ಗೊತ್ತು. ಹೋದ ಚಳಿಗಾಲ ಮಿಲಾನ್‌ನಿಂದ ಬಂದ ಗಾಯಕನೊಬ್ಬ ಒಂದು ಸ್ವರವನ್ನು ಕೂದಲೆಳೆಯಷ್ಟು ಕೆಳಗೆ ಹಿಡಿದ. ಮರುದಿನ ಬೆಳಿಗ್ಗೆ ಕಾಫಿ ಅಂಗಡಿಯವನು ಅವನಿಗೆ ಕೇಳದೆಯೇ ಬಿಸಿಹಾಲಿಗೆ ಜೇನು ಹಾಕಿ ಕೊಟ್ಟು, “ನಿಮ್ಮ ರೈಲು ಹನ್ನೊಂದಕ್ಕಿದೆ, ಯಜಮಾನ್ರೇ” ಅಂದ. ಅಂಥವರು ನಿಮ್ಮ ಹೆಸರು ಕೂಗಲು ಒಪ್ಪಿದ್ದಾರೆ. “ಕಿವಿಗೆ ಮೋಸ ಮಾಡೋಕಾಗಲ್ಲ ಅಂತ ರೋಮ್‌ನೋರಿಗೆ ತೋರಿಸ್ತೀವಿ” ಎಂದು ಗುಯೆರ್ರಿನೋ ಮಾವ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದಾನೆ.

ನೀವು ಬರಬೇಕಾಗಿಲ್ಲ. ಒಪ್ಪಿಗೆ ಅಂತ ಒಂದು ಸಾಲು ಬರೆದರೆ ಸಾಕು.

ತೆರ್ಸಿಲ್ಲಾ ಮೊರೀನಿ


ರೋಮ್, 22 ಜನವರಿ 1953

ಬೇಡ.

ದೆ.


ಪಾರ್ಮಾ, 26 ಜನವರಿ 1953

ಶ್ರೀಮತಿ ದೆಲ್ಫೀನಾ ಅವರಿಗೆ,

ಒಂದು ಪದಕ್ಕೆ ಒಂದು ಅಂಚೆಚೀಟಿ. ತಂತಿ ಕಳಿಸಬಹುದಿತ್ತು. ನಿಮಗೆ ತಂತಿಯ ಅಭ್ಯಾಸ ಇದೆ.

1947ರ ಫೆಬ್ರವರಿಯಲ್ಲಿ ಅಪ್ಪ ನಾಟಕಶಾಲೆಯ ಕೆಲಸದಲ್ಲಿ, ರಂಗದ ಮೇಲೆ ಎತ್ತರದಲ್ಲಿ ಕಟ್ಟಿದ ಹಲಗೆಯಿಂದ ಬಿದ್ದು ತೀರಿಕೊಂಡಾಗ ನಿಮ್ಮ ತಂತಿ ಬಂತು. “ಬರುತ್ತೇನೆ” ಎಂದು ಇತ್ತು. ನಾನು ನಿಲ್ದಾಣಕ್ಕೆ ಹೋದೆ. ಬೊಲೋನ್ಯಾ ಕಡೆಯಿಂದ ಬಂದ ಎರಡು ರೈಲು ನೋಡಿದೆ. ಮೂರನೆಯದಕ್ಕೆ ಕಾಯಲಿಲ್ಲ, ಶವ ಎತ್ತುವ ಹೊತ್ತಾಗಿತ್ತು. ಹೊರುವವರಲ್ಲಿ ಗುಯೆರ್ರಿನೋ ಮಾವನೂ ಇದ್ದ.

ಇದನ್ನು ದೂರಿನಂತೆ ಬರೆಯುತ್ತಿಲ್ಲ. ವಿಷಯ ಬೇರೆ. ಅನ್ಯಾಯವಾದವರೇ ಅದನ್ನು ಮುಚ್ಚಿಡಲು ಅನ್ಯಾಯ ಮಾಡಿದವರಿಗೆ ನೆರವಾಗುತ್ತಾರೆ ಎಂದು ಓದಿದ್ದೇನೆ. ಭಯದಿಂದ, ಇಲ್ಲವೇ ಕೆಲಸ ಹೋಗುತ್ತದೆಂದು. ನಿಮಗೆ ಇವೆರಡರಲ್ಲಿ ಯಾವುದು?

ಹದಿನಾಲ್ಕನೇ ತಾರೀಖಿನ ತೀರ್ಮಾನ ಹಾಗೇ ಇದೆ. ಕಾರಣ ಕೊಟ್ಟರೆ ಕೇಳುತ್ತೇನೆ. ಬರೀ ಬೇಡ ಎಂದರೆ ಕೇಳುವುದಿಲ್ಲ.

ತೆರ್ಸಿಲ್ಲಾ ಮೊರೀನಿ


ರೋಮ್, 19 ಫೆಬ್ರವರಿ 1953

ತೆರ್ಸಿಲ್ಲಾ,

ಕಾರಣ ಬರೆಯುತ್ತೇನೆ. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ.

ಕೊನೆಯ “ಬಂದೆ” ನನ್ನದಲ್ಲ.

ಸೆಪ್ಟೆಂಬರ್‌ನಲ್ಲಿ ಮುದ್ರಿಸುವಾಗ ಮಿಕ್ಕದ್ದೆಲ್ಲ ಹಾಡಿದೆ. ಮೂರನೇ ಅಂಕಕ್ಕೆ ಬಂದಾಗ ಆ ಸ್ವರ ಒಡೆಯಿತು. ಎರಡು ದಿನ, ನಾಲ್ಕು ಸಲ. ಒಂದು ಸಲ ಮೇಲೆ ಮುಟ್ಟಿದೆ, ನಿಲ್ಲಲಿಲ್ಲ. ಎಪ್ಪತ್ತು ಜನ ವಾದ್ಯ ಇಳಿಸಿ ನೆಲ ನೋಡುತ್ತಿದ್ದರು. ವಾದ್ಯಗಾರರು ನೆಲ ನೋಡಿದರೆ ಮುಗಿಯಿತು ಎಂದು ಅರ್ಥ. ಆಗ ವಾದ್ಯವೃಂದ ನಡೆಸುವವರು ಹಿಂದೆ ನಿಂತು ಹಾಡುವ ಮೇಳದ ಕಡೆ ತಿರುಗಿ, ಇದನ್ನು ಯಾರಾದರೂ ಹಿಡಿಯಬಲ್ಲಿರಾ ಎಂದು ಕೇಳಿದರು. ಮೂರನೇ ಸಾಲಿನಲ್ಲಿ ಒಬ್ಬಳು ಶಾಲೆಯ ಮಕ್ಕಳ ಹಾಗೆ ಕೈ ಎತ್ತಿದಳು. ಇಲ್ವಾ ಪ್ರೊಯೆತ್ತಿ ಎಂದು ಹೆಸರು, ಹತ್ತೊಂಬತ್ತು ವರ್ಷ, ತಾಯಿ ಆಸ್ಪತ್ರೆಯ ಬಟ್ಟೆ ಒಗೆಯುತ್ತಾಳೆ. ಒಂದೇ ಸಲಕ್ಕೆ ಹಾಡಿದಳು. ಹಾಡಿ, ನನ್ನ ಕಡೆ ನೋಡಿ, “ತಪ್ಪು ತಿಳ್ಕೋಬೇಡಿ” ಅಂದಳು. ಧ್ವನಿಯವರು ಟೇಪನ್ನು ಕತ್ತರಿಸಿ ನನ್ನ ಉಸಿರಿನ ತುದಿಗೆ ಅವಳ ಸ್ವರ ಅಂಟಿಸಿದರು.

ರೋಮ್‌ನಲ್ಲಿ ಯಾರಿಗೂ ಅಂಟು ಕಾಣುವುದಿಲ್ಲ. ಗುಯೆರ್ರಿನೋಗೆ ಕಾಣುತ್ತದೆ. ಮೂರು ಸ್ವರದಲ್ಲಿ ನಾನು ಎಂದು ಗುರುತಿಸಿದವನು ಒಂದು ಸ್ವರದಲ್ಲಿ ನಾನಲ್ಲ ಎಂದೂ ಗುರುತಿಸುತ್ತಾನೆ. ನನ್ನ ಊರು, ನನ್ನ ಗ್ಯಾಲರಿ. ನನ್ನ ಹೆಸರಿನ ಕಾರ್ಡು ಎತ್ತಿ ಹಿಡಿದಿರುವಾಗಲೇ ಅವನಿಗೆ ಗೊತ್ತಾಗುತ್ತದೆ. ಅದಕ್ಕೇ ಪೋಸ್ಟರಿನಲ್ಲಿ ಹೆಸರು ಇಲ್ಲದ್ದು ನನಗೆ ಹಿತವಾಗಿತ್ತು. ಭಯವೋ ಕೆಲಸವೋ ಎಂದು ಕೇಳಿದೆ. ಎರಡೂ ಅಲ್ಲ. ನಾಚಿಕೆ.

ಇನ್ನೊಂದು. ಮುದ್ರಣ ಮುಗಿದ ಮೇಲೆ ಆ ಹುಡುಗಿ ಮೆಟ್ಟಿಲ ಬಳಿ ನನ್ನನ್ನು ಕಾದು, “ನನ್ನ ಹೆಸರು ಎಲ್ಲಾದ್ರೂ ಬರುತ್ತಾ ಮೇಡಂ? ಅವ್ವಂಗೆ ತೋರಿಸ್ಬೇಕಿತ್ತು” ಎಂದು ಕೇಳಿದಳು. “ಇಂಥದಕ್ಕೆಲ್ಲ ಹೆಸರು ಹಾಕಲ್ಲ ಕಣಮ್ಮ” ಅಂದೆ. ಕಂಪನಿಯವರು ನನಗೆ ಹೇಳಿದ್ದೂ ಇದೇ ಮಾತು. ಹೇಳುವಾಗ ಅದು ಸಹಜವಾಗಿಯೇ ಬಾಯಿಗೆ ಬಂತು.

1947ರದ್ದು. ರೈಲು ಇತ್ತು. ನಾನು ಹತ್ತಲಿಲ್ಲ. ಆ ಸಂಜೆ ಬಾರಿ ಪಟ್ಟಣದಲ್ಲಿ ‘ತೆರ್ಸಿಲ್ಲಾ’ ಇತ್ತು, ನನ್ನ ಬದಲು ಹಾಡಲು ಒಬ್ಬಳು ಸಿದ್ಧವಾಗಿಯೂ ಇದ್ದಳು. ನಾನೇ ಹಾಡಿದೆ. ಆ ಸ್ವರ ಅಷ್ಟು ಚೆನ್ನಾಗಿ ಅದಕ್ಕೆ ಮೊದಲೂ ಬಂದಿರಲಿಲ್ಲ, ಆಮೇಲೂ ಬಂದಿಲ್ಲ. ನಿನಗೆ ಹೇಳಲು ಬೇರೆ ಏನೂ ಇಲ್ಲ.

ದೆಲ್ಫೀನಾ


ಪಾರ್ಮಾ, 2 ಮಾರ್ಚ್ 1953

ಅಮ್ಮಾ,

ನಿನ್ನ ಪತ್ರ ಬಂದು ಎಂಟು ದಿನವಾಯಿತು. ಇಂಥ ಸಂದರ್ಭಕ್ಕೆ ಯಾವ ಕರಪತ್ರದಲ್ಲೂ ಏನೂ ಬರೆದಿಲ್ಲ. ಹುಡುಕಿದೆ.

ಗುಯೆರ್ರಿನೋ ಮಾವನಿಗೆ ಹೇಳಿಲ್ಲ. ಅದು ನಿನ್ನ ಮಾತು, ನೀನೇ ಹೇಳಬೇಕು. ಕೂಗುವ ವಿಷಯ ಸದ್ಯಕ್ಕೆ ನಿಲ್ಲಿಸೋಣ ಎಂದಷ್ಟೇ ಹೇಳಿದೆ. ಮುಖ ಊದಿಸಿಕೊಂಡ. “ಸಂಘದೋರು ಹೆದರಿಸಿದ್ರಾ, ಇಲ್ಲ ನಿಮ್ಮಮ್ಮ ದೊಡ್ಡ ಮನುಷ್ಯಳಾಗಿಬಿಟ್ಳಾ?” ಎಂದು ಕೇಳಿದ. ಆಮೇಲೆ ಮಾಂಸ ಕೊಚ್ಚುತ್ತ ನನ್ನ ಕಡೆ ನೋಡದೆ, ಹೋದ ತಿಂಗಳು ರೇಡಿಯೋದಲ್ಲಿ ಕೊನೆಯ ದೃಶ್ಯವನ್ನೂ ಕೇಳಿಸಿದರು ಅಂದ. ಕತ್ತಿ ಒರೆಸಿ, “ಯಾರೋ ಎಳೇ ಹುಡುಗಿ, ಒಳ್ಳೇ ಕಂಠ” ಅಂದ. ಅಷ್ಟೇ. ಹಂಚಲೆಂದು ಅವನ ಬಳಿ ಇಟ್ಟಿದ್ದ ಕಾರ್ಡುಗಳನ್ನು ವಾಪಸ್ಸು ಕೊಡಲಿಲ್ಲ.

ಅಂದರೆ ನೀನು ಯಾರಿಂದ ಮುಚ್ಚಿಡುತ್ತಿದ್ದೆಯೋ ಅವನಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ನಿನ್ನ ಹೆಸರು ಕೂಗಲು ಸಿದ್ಧನಿದ್ದ. ಅದು ಸರಿಯೆಂದು ನನಗೆ ಅನ್ನಿಸುವುದಿಲ್ಲ. ಆ ಸ್ವರದ ಮೇಲೆ ನಿನ್ನ ಹೆಸರಿನ ಚೀಟಿ ಅಂಟಿಸಿದರೆ ನಾನೂ ಕಂಪನಿಯವರೂ ಒಂದೇ. ಯಾವ ಹೆಸರನ್ನೂ ಎತ್ತದೆ ಬಿಟ್ಟರೂ ಅಷ್ಟೇ.

ನನ್ನ ಸಿನಿಮಾದ ಕೊನೆಯನ್ನು ಬದಲಾಯಿಸಿದ್ದೇನೆ. ಹಗ್ಗ ಕಟ್ಟುವುದನ್ನು ತೆಗೆದುಹಾಕಿದೆ. ನೀನು ಹೇಳಿದ್ದು ಸರಿ, ಹನ್ನೊಂದು ನಿಮಿಷ ಉಳಿಯುತ್ತದೆ. ಎರಡು ದೋಣಿಗಳು ಮಂಜಿನಲ್ಲಿ ದಾಟಿಹೋಗುತ್ತವೆ. ಸ್ವರ ಬರುವ ಹೊತ್ತಿಗೆ ನದಿಯನ್ನು ಬಿಟ್ಟು ಧ್ವನಿಮುದ್ರಣದ ಕೋಣೆಗೆ ಬರುತ್ತೇನೆ. ಮುಂದೆ ನಿಂತ ಒಬ್ಬಳು ಉಸಿರೆಳೆದು ಬಾಯಿ ಮುಚ್ಚುತ್ತಾಳೆ. ಮೂರನೇ ಸಾಲಿನಲ್ಲಿ ಒಬ್ಬಳು ಕೈ ಎತ್ತುತ್ತಾಳೆ. ಇಬ್ಬರ ಮುಖವನ್ನೂ ಪೂರ್ತಿ ತೋರಿಸುತ್ತೇನೆ, ಆತುರ ಮಾಡುವುದಿಲ್ಲ. ಹಾಡುತ್ತಿರುವವಳಿಗಿಂತ ಬಾಯಿ ಮುಚ್ಚಿದವಳ ಮೇಲೆ ಕ್ಯಾಮೆರಾ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತದೆ. ಯಾಕೆಂದು ನನಗೆ ಗೊತ್ತಿಲ್ಲ. ಹಾಗೆ ಬರೆದಿದ್ದೇನೆ.

ಕಾರ್ಡುಗಳ ಹಿಂಬದಿ ಖಾಲಿ ಇದೆ. ಅಲ್ಲಿ ಬರೆಯಲು ಇಲ್ವಾಳ ಹೆಸರಿನ ಅಕ್ಷರಗಳು ನನಗೆ ಸರಿಯಾಗಿ ಬೇಕು. ನಿನ್ನ ಒಪ್ಪಿಗೆಯೂ ಬೇಕು. ಈ ಸಲ ಪತ್ರದಲ್ಲಿ ಬೇಡ. ನೀನೇ ಬಾ, ಅವಳನ್ನೂ ಕರೆದುಕೊಂಡು ಬಾ. ಮೊದಲ ಹಾಡಿಗೆ ಒಂದು ಹೆಸರು, ಕೊನೆಯ ಸ್ವರಕ್ಕೆ ಇನ್ನೊಂದು. ನೀನು ಬರದಿದ್ದರೆ ಕಾರ್ಡುಗಳನ್ನು ಮಾವನಿಂದ ಕಿತ್ತುಕೊಂಡಾದರೂ ಒಲೆಗೆ ಹಾಕುತ್ತೇನೆ, ಮತ್ತೆ ಕೇಳುವುದಿಲ್ಲ.

ಅಜ್ಜಿಗೆ ಪತ್ರ ಓದಿ ಹೇಳಿದೆ, 47ರ ಭಾಗವನ್ನೂ ಬಿಡದೆ. ಅವಳು ಎದ್ದು ಹೋಗಿ ಹಿಂದಿನ ಕೋಣೆಯ ಹಾಸಿಗೆಯನ್ನು ಬಿಸಿಲಿಗೆ ಹಾಕಿದಳು.

ತೆರ್ಸಿಲ್ಲಾ


ರೋಮ್, 8 ಮಾರ್ಚ್ 1953

ತೆರ್ಸಿಲ್ಲಾ,

ಇಲ್ವಾಳ ಮನೆ ಹುಡುಕಿಕೊಂಡು ಹೋಗಿದ್ದೆ. ಅವಳ ತಾಯಿ ಕೈ ಒರೆಸಿಕೊಂಡು ಕುರ್ಚಿ ಹಾಕಿದಳು. ಮೆಟ್ಟಿಲ ಬಳಿ ಆಡಿದ ಮಾತು ತಪ್ಪು ಎಂದು ಆ ತಾಯಿಯ ಎದುರಿಗೇ ಹೇಳಿದೆ. ಆಮೇಲೆ ನಮ್ಮ ಗ್ಯಾಲರಿಯ ವಿಷಯ ವಿವರಿಸಿದೆ. ಇಲ್ವಾ ಪೂರ್ತಿ ಕೇಳಿ, “ಹೊಡೀತಾರಾ?” ಅಂದಳು. ಇಷ್ಟವಾಗದಿದ್ದರೆ ಬಿಸಿಹಾಲು ಕೊಡುತ್ತಾರೆ ಅಂದೆ. ಬರಲು ಒಪ್ಪಿದ್ದಾಳೆ. ಅವಳ ಹೆಸರಿನ ಅಕ್ಷರಗಳನ್ನು ಅವಳ ಕೈಯಲ್ಲೇ ಬರೆಸಿ ಈ ಲಕೋಟೆಯಲ್ಲಿ ಇಟ್ಟಿದ್ದೇನೆ.

ಕಂಪನಿಗೆ ಗೊತ್ತಾದರೆ ಮುಂದೆ ಕರೆಯುವುದಿಲ್ಲ. ಕರೆದರೂ ಹಾಡಲು ಇನ್ನು ಹೆಚ್ಚೇನೂ ಉಳಿದಿಲ್ಲ.

ಗುಯೆರ್ರಿನೋಗೆ ಏನೂ ಹೇಳಬೇಡ. ನಿಲ್ದಾಣದಿಂದ ನೇರ ಅವನ ಅಂಗಡಿಗೆ ಹೋಗಿ ನಾನೇ ಹೇಳುತ್ತೇನೆ. ಅತ್ತೆಗೆ ನಾಲ್ಕು ಜನಕ್ಕೆ ಆಗುವಂತೆ ಎಣಿಸಲು ಹೇಳು.

ಬೊಲೋನ್ಯಾದಲ್ಲಿ ಇಳಿದು ಬೇರೆ ರೈಲು ಹತ್ತಬೇಕು. ಟಿಕೆಟ್ ಎರಡೂ ತೆಗೆದಾಗಿದೆ, ನನ್ನ ಮುಂದೆಯೇ ಮೇಜಿನ ಮೇಲಿವೆ. ಮಾರ್ಚ್ 14, ಶನಿವಾರ, ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷ, ಪಾರ್ಮಾ ನಿಲ್ದಾಣ, ಗಡಿಯಾರದ ಕೆಳಗೆ.

ಅಮ್ಮ